ಕಾಲ್ಡ್ ಆಫ್ ಅಂದರೆ ಎಂತ

ಮಳೆಗೆ ಮ್ಯಾಚ್ “ಕಾಲ್ಡ್ ಆಫ್” ಎಂದು ಮೊಮ್ಮಗಳು ಮೊಬೈಲ್ ನೋಡಿ ಓದಿದಳು. ಆ ಮಾತನ್ನು ನಾನು ಮೊದಲು ಕೇಳಿದ್ದು ಹುಡುಗನಾಗಿದ್ದಾಗ.

ಎರ್ಮಾಳಿನ ಕಡಲಲ್ಲಿ ಅಪ್ಪನ ದೋಣಿ ಮಗುಚಿತ್ತು. ಹುಡುಕಿ ಸೋತ ಮೇಲೆ ಆಫೀಸರನೊಬ್ಬ ಜೀಪಿನಿಂದ ಇಳಿಯದೆಯೇ “ಸರ್ಚ್ ಕಾಲ್ಡ್ ಆಫ್” ಎಂದು ಹೇಳಿ ಹೋದ.

“ಎಂತ ಹೇಳಿದ್ದು ಸಂಜೀವಣ್ಣ?” ಅಮ್ಮ ಕೇಳಿದಳು.

ನೆರೆಮನೆಯ ಸಂಜೀವಣ್ಣ ಮುಂಬೈ ಹೋಟೆಲಿನಲ್ಲಿ ದುಡಿದು ಬಂದವನು. ಹುಡುಕುವುದನ್ನು ನಿಲ್ಲಿಸಿದ್ದಾರೆಂದು ಅವನಿಗೆ ತಿಳಿದಿತ್ತು. ಅಮ್ಮನ ಮುಖ ನೋಡಿ ಹೇಳಲಾಗಲಿಲ್ಲ.

“ಕಾಲ್ ಅಂದ್ರೆ ಕರೆಯುವುದು ಅಕ್ಕ. ಕರೀತಾ ಇದ್ದಾರಂತೆ.”

“ಕರೆದರೆ ಬರ್ತಾರೆ” ಎಂದು ಅಮ್ಮ ಅಪ್ಪನ ಸ್ನಾನಕ್ಕೆ ಹಂಡೆಯಡಿ ಬೆಂಕಿ ಹಾಕಿದಳು. ಸಾಯುವವರೆಗೂ ಪ್ರತಿ ಸಂಜೆ ಹಾಕಿದಳು. ಆ ನೀರನ್ನು ನಮಗೆ ಮುಟ್ಟಲು ಬಿಡಲಿಲ್ಲ.

“ನಿಲ್ಲಿಸಿದ್ರು ಅಂತ ಅರ್ಥ ಅಜ್ಜ” ಎಂದು ಮೊಮ್ಮಗಳು ನನಗೆ ಕಲಿಸಲು ಬಂದಳು.

“ಯಾರು ನಿಲ್ಲಿಸಿದ್ದು?” ಎಂದು ಗದರಿದೆ.