ಕಾಮಾಕ್ಷಮ್ಮನ ಮೊಳವೂ ಚೀನಾ ಸೂಜಿಯೂ

ಕುಶಾಲನಗರದ ಬಸ್ ನಿಲ್ದಾಣದ ಎದುರು ಹೂ ಮಾರುವ ಕಾಮಾಕ್ಷಮ್ಮ ಯಾರನ್ನೂ ನಂಬಿದವಳಲ್ಲ. ಹಾಲು ತಂದರೆ ಮೂಸಿ ನೋಡುತ್ತಾಳೆ, ನೀರು ಕೊಟ್ಟರೂ ಮೂಸಿಯೇ ಬಾಯಿಗಿಡುವುದು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತನ್ನು ಇಷ್ಟು ಗಟ್ಟಿಯಾಗಿ ಹಿಡಿದುಕೊಂಡವರು ಆ ಪೇಟೆಯಲ್ಲಿ ಇನ್ನೊಬ್ಬರಿಲ್ಲ. ಹಾಸನದ ಕಡೆಯಿಂದ ಬಂದು ಮೂವತ್ತು ವರ್ಷವಾಯಿತು. ಅಂದಿನಿಂದ ಅದೇ ಮೂಲೆ, ಅದೇ ಮರದ ಹಲಗೆ, ಅದೇ ಮೊಳ. ಮೊಳವೆಂದರೆ ಅವಳ ಮೊಳಕೈಯಿಂದ ನಡುಬೆರಳ ತುದಿಯವರೆಗೆ. ಹೆಂಗಸು ಕುಳ್ಳಿ, ಕೈಯೂ ಗಿಡ್ಡ.

ಪಕ್ಕದ ಹಲಗೆಯಲ್ಲಿ ಹೂ ಮಾರುವ ಕವನಾ ಎತ್ತರದ ಹುಡುಗಿ, ಕೈಯೂ ಉದ್ದ. ಅದೇ ಕಾಮಾಕ್ಷಮ್ಮನ ದಿಗಿಲು. ತಾನು ಹತ್ತು ನಿಮಿಷ ಎದ್ದು ಹೋದರೆ ಸಾಕು, ಗಿರಾಕಿಗಳಿಗೆ ಆ ಉದ್ದ ಮೊಳದ ರುಚಿ ಹತ್ತುತ್ತದೆ. ಆಮೇಲೆ ಮೂಲೆಯೂ ಕೈಬಿಡುತ್ತದೆ. ಹೀಗೆಂದುಕೊಂಡು ಬೆಳಗ್ಗೆ ಕೂತವಳು ಸಂಜೆಯವರೆಗೆ ಏಳುತ್ತಿರಲಿಲ್ಲ. ಏಳುವ ಹಾಗಾಗಬಾರದೆಂದು ನೀರನ್ನೇ ಕುಡಿಯುತ್ತಿರಲಿಲ್ಲ.

ನಾಲ್ಕು ವರ್ಷದಿಂದ ಕಿಬ್ಬೊಟ್ಟೆಯಲ್ಲಿ ನೋವು. ಮೂತ್ರಕೋಶ ತುಂಬುತ್ತ ಬಂದಂತೆ ಉರಿ, ಹೋಗಿ ಬಂದರೆ ಸ್ವಲ್ಪ ಹೊತ್ತು ಸಮಾಧಾನ, ಮತ್ತೆ ಅದೇ. ಆಸ್ಪತ್ರೆಯಲ್ಲಿ ಸೋಂಕಿಲ್ಲ, ಕಲ್ಲಿಲ್ಲ ಎಂದು ಮಾತ್ರೆ ಕೊಟ್ಟಿದ್ದರು. ನೋವು ತುಸು ತಗ್ಗಿತೇ ಹೊರತು ಬಿಡಲಿಲ್ಲ. ಹಾಸನದಲ್ಲಿರುವ ಮಗಳು ತೇಜಸ್ವಿನಿಯ ಗೃಹಪ್ರವೇಶಕ್ಕೂ ಹೋಗಲಾಗಲಿಲ್ಲ. ಮೂರು ಗಂಟೆ ಬಸ್ಸಿನಲ್ಲಿ ಕೂರಲಾರೆ ಎನ್ನಲು ನಾಚಿಕೆಯಾಗಿ, ವ್ಯಾಪಾರದ ದಿನ ಎಂದು ಸುಳ್ಳು ಹೇಳಿದ್ದಳು. ಮಗಳು ಆರು ತಿಂಗಳು ಮಾತು ಬಿಟ್ಟಳು. ಈಗ ಮೊಮ್ಮಗಳಿಗೆ ಕಿವಿ ಚುಚ್ಚುವ ಶಾಸ್ತ್ರ. “ಈ ಸಲನೂ ಬರ್ದಿದ್ರೆ ಇನ್ ಮುಂದಕ್ಕೆ ನಾನ್ ಕರೆಯಲ್ಲಮ್ಮ,” ಎಂದು ಫೋನಿಟ್ಟಿದ್ದಳು. ಶಾಸ್ತ್ರಕ್ಕೆ ಎರಡು ತಿಂಗಳಿತ್ತು.

ಕಾಮಾಕ್ಷಮ್ಮ ಕಣ್ಣೊರೆಸಿಕೊಂಡಿದ್ದನ್ನು ಕವನಾ ನೋಡಿದಳು.

“ಅಕ್ಕ, ಆ ಚೀನಾ ಸೂಜಿ ಡಾಕ್ಟ್ರ ಹತ್ರ ಒಂದ್ಸಲ ಹೋಗ್ಬನ್ನಿ. ನಮ್ಮಮ್ಮನ ಮಂಡಿನೋವು ಅಲ್ಲೇ ಕಮ್ಮಿ ಆಗಿದ್ದು. ಹಲಗೆ ನಾನ್ ನೋಡ್ಕತೀನಿ.”

ಕಾಮಾಕ್ಷಮ್ಮನ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ. ಓಹೋ, ಇವಳ ಹುನ್ನಾರ ಇದು. ಆದರೂ ಹೋದಳು, ಮಗಳ ಮಾತು ಸೂಜಿಗಿಂತ ಚೂಪಾಗಿ ಚುಚ್ಚಿತ್ತು.

ಡಾಕ್ಟರ್ ನಂದೀಶ್ ಎರಡೂ ಕೈಯ ನಾಡಿ ಮೇಲೆ ಮೂರು ಮೂರು ಬೆರಳಿಟ್ಟರು, ನಾಲಗೆ ಚಾಚಿಸಿದರು. “ನೀರು ಎಷ್ಟು ಕುಡೀತೀರಮ್ಮ?”

“ಎರಡು ಚೊಂಬು.”

“ನಾಲಗೆ ಹಾಗೆ ಹೇಳ್ತಿಲ್ವಲ್ಲ.”

ಕವನಾ ಮೊದಲೇ ಇಲ್ಲಿಗೆ ಸುದ್ದಿ ಮುಟ್ಟಿಸಿದ್ದಾಳೆ ಎಂದು ಕಾಮಾಕ್ಷಮ್ಮ ಅಲ್ಲೇ ತೀರ್ಮಾನಿಸಿದಳು.

“ಚೀನಾದ ವೈದ್ಯದಲ್ಲಿ ಇದನ್ನ ಮೂತ್ರಕೋಶಕ್ಕೆ ಶೀತ ಸೇರಿದೆ ಅಂತಾರೆ. ಸೂಜಿಯಿಂದ ಕೆಲವರಿಗೆ ನೋವು ತಗ್ಗುತ್ತೆ, ಕೆಲವರಿಗೆ ಇಲ್ಲ. ಆಸ್ಪತ್ರೆ ಮಾತ್ರೆ ಬಿಡ್ಬೇಡಿ.”

ತನ್ನ ಹೂ ಬಾಡಬಹುದು ಎಂದು ತಾನೇ ಹೇಳುವ ವ್ಯಾಪಾರಿಯನ್ನು ಅವಳು ಕಂಡಿರಲಿಲ್ಲ. ಅನುಮಾನ ಇನ್ನಷ್ಟು ಹೆಚ್ಚಿತು. ಸೂಜಿಯ ಪೊಟ್ಟಣವನ್ನು ಕಣ್ಣೆದುರೇ ಒಡೆಸಿದಳು. ಕೂದಲಿನಷ್ಟು ಸಣ್ಣ ಸೂಜಿಗಳು ಕಾಲಿನ ಗಂಟಿನ ಮೇಲೆ, ಹೊಕ್ಕುಳ ಕೆಳಗೆ ನಿಂತವು. ನೋವು ಹೊಟ್ಟೆಯಲ್ಲಿದ್ದರೆ ಕಾಲಿಗೇಕೆ ಚುಚ್ಚುವುದೋ ದೇವರೇ ಬಲ್ಲ. ಆಮೇಲೆ ಡಾಕ್ಟರು ದಪ್ಪ ಊದುಕಡ್ಡಿಯಂಥದ್ದನ್ನು ಹೊತ್ತಿಸಿ, ಕಿಬ್ಬೊಟ್ಟೆಯ ಮೇಲೆ ಶಾಖ ತಾಗುವಂತೆ ಹಿಡಿದರು.

ಕಾಮಾಕ್ಷಮ್ಮನ ಮೂಗರಳಿತು. “ಇದು ಮಾಚಿಪತ್ರೆ.”

“ಏನಮ್ಮ?”

“ಚೀನಾದ್ದು ಅಂದ್ರಿ. ನಾನ್ ಇದನ್ನ ದಿನಾ ಹೂವಿನ್ ಜೊತೆ ಸೇರ್ಸಿ ಕಟ್ಟೋಳು ಸಾರ್. ನನ್ ಮೂಗಿಗೆ ಮೋಸ ಮಾಡೋಕಾಗಲ್ಲ.”

ಡಾಕ್ಟರು ನಕ್ಕರು. “ಅದೇ ಜಾತಿ ಗಿಡ. ಅವರು ಒಣಗಿಸಿ ಸುತ್ತಿ ಉರಿಸ್ತಾರೆ, ಅಷ್ಟೇ.”

ಹಿತ್ತಲ ಗಿಡ ಮದ್ದಲ್ಲ. ಚೀನಾ ಸುತ್ತಿ ಬಂದರೆ ಮದ್ದು. ಕಳ್ಳನನ್ನು ಹಿಡಿದೆ ಎಂದುಕೊಂಡರೆ ಈತ ಕಳ್ಳನೇ ಅಲ್ಲ. ಅವಳಿಗೆ ಪಿಚ್ಚೆನಿಸಿತು. ಸೂರು ನೋಡುತ್ತ ಹೇಳಿದಳು: “ನೀರು ಕುಡಿಯೋದೇ ಇಲ್ಲ ಸಾರ್. ಕುಡಿದ್ರೆ ಏಳ್ಬೇಕು, ಎದ್ರೆ ಮೂಲೆ ಹೋಯ್ತದೆ.”

“ಹಾಗಾದ್ರೆ ಸೂಜಿ ಒಂದೇ ಸಾಲಲ್ಲಮ್ಮ. ನೀರು ಕುಡೀಬೇಕು, ಎರಡು ಗಂಟೆಗೊಮ್ಮೆ ಎದ್ದು ಹೋಗಿ ಬರ್ಬೇಕು. ನಂಬೋರು ಯಾರಾದ್ರೂ ಇದಾರಾ ಪಕ್ಕದಲ್ಲಿ?”

ಸೂಜಿ ತೆಗೆದದ್ದೇ ಕಾಮಾಕ್ಷಮ್ಮ ಸೆರಗು ಸರಿಪಡಿಸಿಕೊಂಡು ಹೊರಟಳು.

ವಾಪಸು ಬಂದವಳು ನೇರ ಹಲಗೆಗೆ ಹೋಗಲಿಲ್ಲ. ಎಳನೀರು ಗಾಡಿಯ ಹಿಂದೆ ನಿಂತು ಇಣುಕಿದಳು. ಅವಳ ಹಲಗೆಯ ಮುಂದೆ ಗಿರಾಕಿಯೊಬ್ಬರು ನಿಂತಿದ್ದರು. ಕವನಾ ಹೂವನ್ನು ಕೈಯಲ್ಲಿ ಅಳೆಯದೆ ಬಾಳೆನಾರೊಂದಕ್ಕೆ ಹಿಡಿದು ಕತ್ತರಿಸಿದಳು. ಸಿಕ್ಕಿಬಿದ್ದಳು ಎಂದು ಕಾಮಾಕ್ಷಮ್ಮ ದಡದಡ ನುಗ್ಗಿದಳು.

“ಏನೇ ಅದು?”

“ನಿಮ್ ಮೊಳ ಅಕ್ಕ. ನೀವ್ ಬೆಳಗ್ಗೆ ಒಂದ್ ಮೊಳ ಹೂ ಅಳ್ದು ಕತ್ತರಿಸಿಟ್ಟಿದ್ರಲ್ಲ, ಅದುಕ್ಕೆ ಹಿಡ್ದು ನಾರಿಗೆ ಗಂಟು ಹಾಕ್ದೆ. ನನ್ ಕೈಯಲ್ಲಿ ಅಳ್ದು ಕೊಟ್ರೆ ನಾಳೆ ನಿಮ್ ಗಿರಾಕಿ ನಿಮ್ ಹತ್ರ ಜಗಳಕ್ಕೆ ಬರ್ತಾರೆ.”

ಕಾಮಾಕ್ಷಮ್ಮ ನಾರನ್ನು ಕಿತ್ತುಕೊಂಡು ತನ್ನ ಕೈಮೇಲೆ ಇಟ್ಟು ನೋಡಿದಳು. ಮೊಳಕೈಯಿಂದ ನಡುಬೆರಳಿಗೆ ಸರಿಯಾಗಿತ್ತು. ತಿರುಗಿಸಿ ಇನ್ನೊಮ್ಮೆ ಇಟ್ಟಳು. ಅರ್ಧ ಬೆರಳಿನ ತಪ್ಪೂ ಸಿಗಲಿಲ್ಲ. ಅವಳಿಗೆ ತುಂಬ ನಾಚಿಕೆಯಾಯಿತು. ನಾರನ್ನು ಮಡಚಿ ಕವನಾಳ ಕೈಗೇ ಕೊಟ್ಟಳು.

ಮುಂದೆ ವಾರಕ್ಕೊಂದು ಸಲ ಸೂಜಿ, ದಿನಕ್ಕೆ ನಾಲ್ಕು ಸಲ ರಸ್ತೆ ದಾಟಿ ಶೌಚಾಲಯ. ನೋವು ಪೂರ್ತಿ ಹೋಗಲಿಲ್ಲ, ಪಳಗಿತು. ಸೂಜಿಯಿಂದಲೋ, ಮಾಚಿಪತ್ರೆಯಿಂದಲೋ, ಎದ್ದು ಹೋಗಿದ್ದರಿಂದಲೋ ಎಂದು ಕೇಳಿದರೆ ಇವತ್ತಿಗೂ ಮೂರರ ಮೇಲೂ ಅವಳಿಗೆ ಅನುಮಾನವೇ.

ಶಾಸ್ತ್ರದ ಹಿಂದಿನ ದಿನ ಅರಕಲಗೂಡಿನಲ್ಲಿ ಒಮ್ಮೆ ಶೌಚಾಲಯಕ್ಕೆಂದು ಬಸ್ಸಿಳಿದು ಹತ್ತಿ, ಹೂಬುಟ್ಟಿ ಸಮೇತ ಹಾಸನದ ಮಗಳ ಮನೆಯ ಜಗುಲಿ ಏರಿದಳು. ತೇಜಸ್ವಿನಿ ಬಾಗಿಲಲ್ಲೇ ನಿಂತುಬಿಟ್ಟಳು.

“ಹಲಗೆ ಯಾರ್ ನೋಡ್ಕತಾವ್ರಮ್ಮ?”

“ಕವನಾ.”

“ಅವಳನ್ನ ನಂಬ್ತೀಯಾ ನೀನು?”

“ನನ್ ಮೊಳ ಅವಳ ಹತ್ರನೇ ಐತೆ,” ಎಂದಳು ಕಾಮಾಕ್ಷಮ್ಮ. ಆಮೇಲೆ ಬುಟ್ಟಿ ಇಳಿಸಿ, ಗೃಹಪ್ರವೇಶದ ದಿನ ಯಾಕೆ ಬರಲಿಲ್ಲ ಎಂಬುದನ್ನು ಏನೂ ಮುಚ್ಚಿಡದೆ ಹೇಳಿದಳು.

ಮಗಳು ಒಳಗೆ ಹೋಗಿ ಒಂದು ಚೊಂಬು ನೀರು ತಂದು ಕೊಟ್ಟಳು. ಕಾಮಾಕ್ಷಮ್ಮ ಅದನ್ನು ಮೂಸಿ ನೋಡದೆ ಕುಡಿದಳು.