ರೋಜಾದ ದಿನದ ಗುಳಿಗೆ

ಜೇವರ್ಗಿಯಿಂದ ಅಂದೋಲಾ ಕಡೆ ಬಸ್ ಓಡಿಸಿ ಓಡಿಸಿ ನನ್ನ ಸೊಂಟ ಹಿಡಿದುಹೋಗಿತ್ತು. ನನಗೆ ರಜೆ ಸಿಕ್ಕರೂ ನೋವಿಗೆ ರಜೆ ಇರಲಿಲ್ಲ. ಡಾಕ್ಟರು ಗುಳಿಗೆ ಬರೆದುಕೊಟ್ಟು, ‘ಉಂಡ ಮ್ಯಾಲೇ ನುಂಗಪಾ, ಇಲ್ಲಂದ್ರ ಹೊಟ್ಟಿ ಸುಡತದ’ ಅಂದಿದ್ದರು.

ಅಷ್ಟರಲ್ಲಿ ರಂಜಾನ್ ಬಂತು. ಕಂಡಕ್ಟರ್ ಮೆಹಬೂಬಸಾಬರು ರೋಜಾದ ಉಪವಾಸ ಹಿಡಿದು ಆ ಬಿಸಿಲಲ್ಲಿ ಹನಿ ನೀರೂ ಕುಡಿಯದೆ ಟಿಕೆಟ್ ಹರಿಯುತ್ತಿದ್ದರೆ, ಅವರೆದುರು ಬುತ್ತಿ ಬಿಚ್ಚುವುದು ಹೇಗೆ? ಖಾಲಿ ಹೊಟ್ಟೆಗೇ ಗುಳಿಗೆ ನುಂಗುತ್ತ ಬಂದೆ. ಒಂದು ಮಧ್ಯಾಹ್ನ ಕೊಳಕೂರಿನಲ್ಲಿ ಬಸ್ ನಿಲ್ಲಿಸಿದವನು ಹೊಟ್ಟೆಯುರಿ ತಾಳದೆ ಸ್ಟೇರಿಂಗ್ ಮೇಲೆ ಬಾಗಿಬಿಟ್ಟೆ.

ಸಂಗತಿ ಕೇಳಿ ಮೆಹಬೂಬಸಾಬರು ಸಿಟ್ಟಾದರು. ‘ರೋಜಾ ನಂದು. ನೀವ್ಯಾಕ ಹೊಟ್ಟಿ ಸುಟ್ಕೋತೀರಿ? ಬ್ಯಾನಿ ಇದ್ದವಗ ನಮ್ಮಲ್ಲಿ ರೋಜಾನೇ ಮಾಫ್ ಅದರಿ!’

ನನ್ನ ಬುತ್ತಿ ತಾವೇ ಬಿಚ್ಚಿ ತೊಡೆಯ ಮೇಲಿಟ್ಟರು. ‘ಉಣ್ರಿ. ನೀವು ಉಣ್ಣೋತನಾ ನಾ ರೈಟ್ ಅನ್ನಂಗಿಲ್ಲ.’

ಬಸ್ಸಿನ ಮಂದಿ ಕೂಗಾಡಿದರು. ಮೆಹಬೂಬಸಾಬರು ಸೀಟಿ ಕೈಯಲ್ಲಿ ಹಿಡಿದು, ನನಗೆ ಬೆನ್ನು ಮಾಡಿ ನಿಂತೇ ಇದ್ದರು. ನಾನು ತಲೆ ಎತ್ತದೆ ರೊಟ್ಟಿ ಅಗಿದೆ.

ಡಾಕ್ಟರ ಮಾತು ಮೀರಿದ್ದೆ, ನಿಜ. ಆದರೆ ಕಂಡಕ್ಟರ್ ರೈಟ್ ಅನ್ನದೆ ಗಾಡಿ ಎತ್ತುವ ಧೈರ್ಯ ಯಾವ ಡ್ರೈವರನಿಗಿದೆ?