ಪ್ರೂಯಿಟ್ಟರ ಆಲ್ಬಮ್ಮಿನ ಖಾಲಿ ಜಾಗ
ಓಹಿಯೋದ ನಿವೃತ್ತ ಕ್ಷೌರಿಕ ಎಲ್ವುಡ್ ಪ್ರೂಯಿಟ್ಟರು ತಾವು ಆಲ್ಬಮ್ಮಿನಲ್ಲಿ ಕೂಡಿಟ್ಟ, ಆಟಗಾರರ ಚಿತ್ರವಿರುವ ಹಳೆಯ ಬೇಸ್‌ಬಾಲ್ ಕಾರ್ಡನ್ನು ಮುಟ್ಟುವ ಮೊದಲು ಪ್ರಾರ್ಥನೆಗೆ ನಿಲ್ಲುವವರಂತೆ ಕೈ ತೊಳೆಯುತ್ತಾರೆ. ಹಿಂಬದಿಯಲ್ಲಿ ಅಚ್ಚಾದ ಆಟಗಾರನ ಸಾಧನೆಯನ್ನು ಧರ್ಮಗ್ರಂಥದಂತೆ ಗಟ್ಟಿಯಾಗಿ ಓದುತ್ತಾರೆ. ಒಂದೇ ಸಾಲಿನಲ್ಲಿ ಮುಗಿದ ಆಟಗಾರನ ಬಾಳನ್ನೂ ಓದಿ ಮುಗಿಸದೆ ಪುಟ ತಿರುವುವುದಿಲ್ಲ. "ಊಟಕ್ಕೂ ತಲೆ ಮೇಲಿನ ಆ ಬೇಸ್‌ಬಾಲ್ ಟೋಪಿ ತೆಗೆಯಲ್ಲ, ನನ್ ಹುಟ್ಟುಹಬ್ಬ ಮರೆತ್ರೂ ಸತ್ತೋರ ರನ್ನು ಮಾತ್ರ ನೆನಪಿರುತ್ತೆ!" ಎಂದು ಹೆಂಡತಿ ಮೇವಿಸ್ ಚುಚ್ಚಿದರೆ, "ಅವ್ರನ್ನ ನೆನೆಯೋರು ಇನ್ಯಾರಿದಾರೆ, ಹೇಳು?" ಎನ್ನುತ್ತಾರೆ. ಒಂದೇ ವರ್ಷ ಆಡಿ ಮರೆಯಾದ ಡೆಲ್ ಟ್ರಂಬಲ್‌ನ ಕಾರ್ಡಿಗಾಗಿ ಅರ್ಧ ಆಯುಷ್ಯ ಸಂತೆ ಸಂತೆ ಅಲೆದು, ಕೊನೆಗೆ ಪಡೆದರು. ಸುದ್ದಿ ಕೇಳಿ ಟ್ರಂಬಲ್‌ನ ಮಗಳು ಬಾಗಿಲಿಗೆ ಬಂದಳು. "ಅಪ್ಪ ತೀರಿಹೋದಾಗ ನಾನು ತೊಟ್ಟಿಲಲ್ಲಿದ್ದೆ, ಮನೇಲಿ ಒಂದು ಫೋಟೋನೂ ಇಲ್ಲ. ಒಂದ್ಸಲ ಮುಖ ತೋರಿಸ್ತೀರಾ?" ಪ್ರೂಯಿಟ್ಟರು ಕಾರ್ಡನ್ನು ಅವಳ ಕೈಗಿಟ್ಟು, "ಇದು ನಿಮ್ಮನೇದು ತಾಯಿ, ನಾನು ಕಾದಿಟ್ಟಿದ್ದೆ ಅಷ್ಟೇ" ಎಂದರು. ಈಗ ಮನೆಗೆ ಬಂದವರಿಗೆ ಅವರು ಮಹಾಮಹಾ ಆಟಗಾರರನ್ನೆಲ್ಲ ದಾಟಿ ಆಲ್ಬಮ್ಮಿನಲ್ಲಿ ಟ್ರಂಬಲ್‌ನ ಕಾರ್ಡಿದ್ದ ಆ ಖಾಲಿ ಜಾಗವನ್ನೇ ಮೊದಲು ತೋರಿಸುತ್ತಾರೆ, ಟೋಪಿ ತೆಗೆದು.